ರೋಗಿ ಮಲಗಿರುವ ಜಾಗ

ಅಂಗಳದ ಕೊನೆಯಲ್ಲಿ ಬೆಳ್ಯಪ್ಪನ ಸೈಕಲ್ ನಿಂತ ಶಬ್ದ ಕೇಳಿದರೆ ಮಕ್ಕಳು ಹಟ್ಟಿಯ ಅಟ್ಟ ಹತ್ತಿ ಬೈಹುಲ್ಲಿನೊಳಗೆ ಅಡಗುತ್ತಿದ್ದರು. ಉಣ್ಣಲು ಹಟ ಮಾಡುವ ಮಕ್ಕಳನ್ನು ಸುಮ್ಮನಾಗಿಸಲು ಮಂಡೆಕೋಲಿನ ತಾಯಂದಿರಿಗೆ ಅವನ ಹೆಸರೊಂದೇ ಸಾಕಿತ್ತು. ಅವನು ಸಿಡುಬಿನ ದಾಕು ಹಾಕುವ ನೌಕರ. ಹೆಗಲಿನ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ, ಅದರೊಳಗೆ ಲಸಿಕೆಯ ದ್ರವ ತುಂಬಿದ ಗಾಜಿನ ನಳಿಗೆಗಳು. ಬಿಸಿಲಿಗೆ ಸಿಕ್ಕಿದರೆ ಆ ದ್ರವ ಕೆಟ್ಟು ನೀರಿಗೆ ಸಮ. ಆದ್ದರಿಂದ ಅವನು ದಾರಿಯಲ್ಲಿ ಯಾರು ಕರೆದರೂ ನಿಲ್ಲುತ್ತಿರಲಿಲ್ಲ. ನಿಂತರೆ ನೆರಳಿನಲ್ಲಿ ಮಾತ್ರ. ಗೊತ್ತಿಲ್ಲದವರು ಇದನ್ನು ಜಂಬ ಎಂದುಕೊಂಡಿದ್ದರು.

ದೊಡ್ಡವರು ಅವನನ್ನು ತಪ್ಪಿಸಿಕೊಳ್ಳುತ್ತಿದ್ದ ರೀತಿ ಬೇರೆ.

"ನಿನ್ನ ಅಣ್ಣನ ತೋಳಿನಲ್ಲಿ ಕಲೆ ಉಂಟಾ ಮಾರಾಯ? ಮೊದಲು ಅಲ್ಲಿ ಗೀರಿ ಬಾ. ಮತ್ತೆ ನಮ್ಮ ತೋಳು ಎಲ್ಲಿಗೂ ಓಡಿ ಹೋಗುದಿಲ್ಲ."

ಬೆಳ್ಯಪ್ಪನ ಅಣ್ಣನ ತೋಳಿನಲ್ಲಿ ಕಲೆ ಇರಲಿಲ್ಲ. ಆ ಅಣ್ಣ, ಜತ್ತಪ್ಪ, ಪೊನ್ನಮೂಲೆ ಮನೆಯ ಯಜಮಾನ. ದಾಕು ಹಾಕಿದ ತೋಳು ಕೀವಾಗಿ, ಹಕ್ಕಳೆ ಕಟ್ಟಿ, ಉದುರುವವರೆಗೆ ಮೈ ಶುದ್ಧವಲ್ಲ; ಅಷ್ಟು ದಿನ ದೈವದ ಮುಂದೆ ದೀಪ ಹಚ್ಚುವವರು ಯಾರು ಎಂಬುದು ಜತ್ತಪ್ಪನ ಪ್ರಶ್ನೆ. ಇನ್ನೊಬ್ಬರು ಹಚ್ಚಬಹುದು ಎಂದರೆ, "ಹಾಗಾದ್ರೆ ಯಜಮಾನಿಕೆಯೂ ಅವರೇ ಮಾಡಲಿ" ಎನ್ನುತ್ತಿದ್ದ.

ಪೊನ್ನಮೂಲೆ ಒಂದು ಕುಟುಂಬದ ಮೂಲ ಮನೆ. ಅಲ್ಲಿ ವಾಸವಿದ್ದವರು ಜತ್ತಪ್ಪನ ಸಂಸಾರದವರು ಮಾತ್ರ. ಉಳಿದವರು ಗದ್ದೆ ಸಿಕ್ಕಿದ ಕಡೆ ಹೋಗಿದ್ದರು: ಒಬ್ಬ ಜಾಲ್ಸೂರಿಗೆ, ಇಬ್ಬರು ಪಂಜದ ಕಡೆಗೆ, ಕಿರಿಯ ತಮ್ಮ ಸಂಕಪ್ಪ ಕಡಬ ದಾಟಿ ಇಚಿಲಂಪಾಡಿಗೆ. ಆದರೆ ಅವರಲ್ಲಿ ಯಾರನ್ನಾದರೂ ಎಲ್ಲಿಯವರು ಎಂದು ಕೇಳಿದರೆ ಬರುವ ಉತ್ತರ 'ಪೊನ್ನಮೂಲೆ' ಎಂದೇ. ಆ ಭಾಗದ ಗೌಡರ ಮನೆಗಳಲ್ಲೆಲ್ಲ ಹೀಗೆ. ಮನುಷ್ಯ ಎಲ್ಲಿ ಉಳುತ್ತಾನೋ ಅದು ಅವನ ಊರಲ್ಲ; ಅವನ ಕುಟುಂಬದ ದೀಪ ಎಲ್ಲಿ ಉರಿಯುತ್ತದೋ ಅದು ಊರು. ಹುಟ್ಟಿದರೂ ಸತ್ತರೂ ಮೈಯಲ್ಲಿ ಗುಳ್ಳೆ ಎದ್ದರೂ ಸುದ್ದಿ ಮೊದಲು ಹೋಗುವುದು ಮೂಲ ಮನೆಗೆ. ಯಜಮಾನ ಹರಕೆ ಹೇಳಿಕೊಂಡು, ತೆಂಗಿನಕಾಯಿ ತೆಗೆದಿಟ್ಟು, ಆಮೇಲೆ ಬಿಡುವಾದಾಗ ತನ್ನ ಗ್ರಾಮದ ಪಟೇಲರಿಗೆ ಹೇಳುತ್ತಿದ್ದ. ಪಟೇಲರು ಬರೆದು ಪುತ್ತೂರಿನ ಆರೋಗ್ಯ ಕಚೇರಿಗೆ ಕಳಿಸುತ್ತಿದ್ದರು. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಯಾರೂ ಸೋಮಾರಿಗಳಾಗಿರಲಿಲ್ಲ.

ಬೆಳ್ಯಪ್ಪನೂ ಅದೇ ಮನೆಯವನು. ಹಾಗಾಗಿ ಇದರಲ್ಲಿ ತಪ್ಪು ಉಂಟೆಂದು ಅವನಿಗೂ ಅನಿಸಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಗೆಯಲ್ಲಿ ಅವನು ಜಾಲ್ಸೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಪುತ್ತೂರಿನಿಂದ ಒಂದು ಚೀಟಿ ಬಂತು: ಮಂಡೆಕೋಲು ಗ್ರಾಮ, ಪೊನ್ನಮೂಲೆ ಮನೆ, ಒಬ್ಬ ಹೆಂಗಸಿಗೆ ಗುಳ್ಳೆ ಜ್ವರ, ಕೂಡಲೇ ಹೋಗತಕ್ಕದ್ದು. ತನ್ನದೇ ಮನೆಯ ಹೆಸರು ಓದಿ ಅವನು ನೆರಳು ಬಿಸಿಲು ನೋಡದೆ ಸೈಕಲ್ ತುಳಿದ. ಮನೆಯ ಮುಂದೆ ಅತ್ತಿಗೆ ಭತ್ತ ಒಣಗಿಸುತ್ತಿದ್ದಳು. ಜತ್ತಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ.

"ಯಾರಿಗೆ ಅಣ್ಣಾ?"

"ಎಂತ ಯಾರಿಗೆ?"

"ಸೀಕು. ಪಟೇಲರು ಬರೆದಿದ್ದಾರಲ್ಲ."

"ಓ, ಅದಾ. ನಮ್ಮ ಸಂಕಪ್ಪನ ಹೆಂಡತಿಗೆ. ದೇವಮ್ಮನಿಗೆ. ಆಳು ಬಂದು ಹೇಳಿ ಹೋದ. ಹರಕೆ ಹೇಳಿದ್ದೇನೆ, ಕಡಿಮೆ ಆದೀತು."

"ದೇವಮ್ಮ ಎಲ್ಲಿದ್ದಾಳೆ ಈಗ?"

ಜತ್ತಪ್ಪ ಹಗ್ಗ ಬಿಟ್ಟು ತಮ್ಮನ ಮುಖ ನೋಡಿದ. "ಅವಳ ಮನೆಯಲ್ಲಿ. ಇಚಿಲಂಪಾಡಿಯಲ್ಲಿ. ಮತ್ತೆಲ್ಲಿ ಇರುದು?"

ಬಸ್ಸಿನಲ್ಲೂ ಕಾಲುದಾರಿಯಲ್ಲೂ ಸಾಗಿ, ಕುಮಾರಧಾರೆ ದಾಟಿ ಬೆಳ್ಯಪ್ಪ ಅಲ್ಲಿಗೆ ತಲುಪುವಾಗ ಮರುದಿನ ಮಧ್ಯಾಹ್ನ. ಚಾವಡಿಯಲ್ಲಿ ಬಾಳೆಎಲೆಯ ಮೇಲೆ ದೇವಮ್ಮ ಮಲಗಿದ್ದಳು. ಗುಳ್ಳೆಗಳು ಒಣಗಿ ಹಕ್ಕಳೆ ಉದುರತೊಡಗಿತ್ತು, ಅವಳು ಬದುಕುತ್ತಾಳೆ ಎಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಪಕ್ಕದಲ್ಲಿ ಇನ್ನೊಂದು ಚಿಕ್ಕ ಎಲೆ. ಅದರ ಮೇಲೆ ಅವಳ ಮಗ ಕುಶಾಲ, ಮಾತು ಕಲಿಯುವ ಪ್ರಾಯ. ಅವನ ಮುಖದಲ್ಲಿ ಗುಳ್ಳೆಗೂ ಗುಳ್ಳೆಗೂ ನಡುವೆ ಜಾಗವೇ ಉಳಿದಿರಲಿಲ್ಲ. ನೆರೆಯ ಶಂಕರಿಯ ಮನೆಯಲ್ಲಿ ಇನ್ನಿಬ್ಬರು ಮಲಗಿದ್ದರು.

ಗುಡ್ಡೆಯ ಆಚೆ ಬದಿಯಲ್ಲಿ ಕಡಬ ಕಡೆಯ ದಾಕಿನವ ಬೋಜಪ್ಪನ ಬಿಡಾರ. ಇಲ್ಲಿ ಕೂಗಿದರೆ ಅಲ್ಲಿಗೆ ಕೇಳುವಷ್ಟು ಹತ್ತಿರ. ಸಂಕಪ್ಪ ಓಡಿ ಹೋಗಿ ಕರೆದುಕೊಂಡು ಬಂದ. ಬೋಜಪ್ಪ ಅಂಗಳದಲ್ಲಿ ನಿಂತವನು ಒಳಗೆ ಇಣುಕಿ, ತಲೆಯ ಮುಂಡಾಸು ಬಿಚ್ಚಿದ.

"ನನಗೆ ಯಾರು ಹೇಳಿದ್ದು ಬೆಳ್ಯಪ್ಪ? ನಾನು ದಿನಾ ಈ ದಾರಿಯಲ್ಲಿ ಹೋಗುದು. ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ ಸಂಕಪ್ಪಣ್ಣ?"

"ಮನೆಗೆ ಹೇಳಿ ಕಳಿಸಿದ್ದೆ," ಎಂದ ಸಂಕಪ್ಪ. "ಮನೆಗೆ ಹೇಳದೆ ನಿನಗೆ ಹೇಳುದು ಹೇಗೆ?"

ಮಗುವಿಗೆ ದಾಕು ಏಕೆ ಆಗಿರಲಿಲ್ಲ ಎಂಬುದಕ್ಕೂ ಅದೇ ಉತ್ತರ. ಹುಟ್ಟಿದ್ದು ಇಚಿಲಂಪಾಡಿಯಲ್ಲಿ, ಬರೆಸಿದ್ದು ಮಂಡೆಕೋಲಿನಲ್ಲಿ. ಬೋಜಪ್ಪನ ಪಾಲಿಗೆ ಹಾಗೊಂದು ಮಗುವೇ ಇರಲಿಲ್ಲ. ಬೆಳ್ಯಪ್ಪನ ಪಟ್ಟಿಯಲ್ಲಿ ಮಗು ಇತ್ತು. ಅದರ ಎದುರು ಅವನೇ ತನ್ನ ಕೈಯಿಂದ 'ಊರಲ್ಲಿಲ್ಲ' ಎಂದು ಬರೆದಿದ್ದ. ಬರೆದದ್ದು ನಿಜವೇ ಆಗಿತ್ತು.

ಆ ಹೊತ್ತಿಗೆ ಲಸಿಕೆಯಿಂದ ಏನೂ ಪ್ರಯೋಜನವಿರಲಿಲ್ಲ. ಸಿಡುಬಿನವರ ಹತ್ತಿರ ಇದ್ದವರಿಗೆ ಮೊದಲ ಮೂರು ನಾಲ್ಕು ದಿನಗಳೊಳಗೆ ದಾಕು ಹಾಕಿದರೆ ಹೆಚ್ಚಿನವರು ಉಳಿಯುತ್ತಾರೆ. ಆಮೇಲೆ ಹಾಕುವುದು ಹಾಕುವವನ ಸಮಾಧಾನಕ್ಕೆ. ಆ ಮೂರು ನಾಲ್ಕು ದಿನಗಳೂ, ಅವುಗಳ ಮೇಲೆ ಎರಡು ವಾರವೂ ಸುದ್ದಿ ಇಚಿಲಂಪಾಡಿಯಿಂದ ಮಂಡೆಕೋಲಿಗೆ, ಅಲ್ಲಿಂದ ಪುತ್ತೂರಿಗೆ, ಪುತ್ತೂರಿನಿಂದ ಜಾಲ್ಸೂರಿಗೆ ನಡೆಯುತ್ತಿತ್ತು. ಗುಡ್ಡೆಯ ಆಚೆ ಬದಿಗೆ ಮಾತ್ರ ಹೋಗಲಿಲ್ಲ.

ಕುಶಾಲ ಎರಡನೆಯ ದಿನ ಹೋದ. ಶಂಕರಿಯ ಮನೆಯಲ್ಲಿ ಅವಳ ಗಂಡ ಹೋದ, ಮಗಳು ಉಳಿದಳು. ಹೊಂಡ ತೆಗೆಯುವುದಕ್ಕೆ ಜನ ಬರಲಿಲ್ಲ. ಸಂಕಪ್ಪ, ಬೆಳ್ಯಪ್ಪ, ಬೋಜಪ್ಪ ಮೂವರೇ ತೆಗೆದರು. ಎದ್ದು ಕುಳಿತುಕೊಳ್ಳುವಷ್ಟು ಶಕ್ತಿ ಬಂದಾಗ ದೇವಮ್ಮ ಭಾವನೊಡನೆ ಗೋಡೆಗೆ ಮುಖ ಮಾಡಿ ಒಂದೇ ಮಾತು ಆಡಿದಳು.

"ಊರೆಲ್ಲಾ ದಾಕು ಹಾಕಿದ್ರಿ."

ಅದಾದ ಮೇಲೆ ಅವಳು ಪೊನ್ನಮೂಲೆಯ ಮೆಟ್ಟಿಲು ಹತ್ತಲಿಲ್ಲ. ಮನೆಯ ದೈವದ ವರ್ಷಾವಧಿ ಕೋಲಕ್ಕೂ ಹೋಗಲಿಲ್ಲ.

ವರ್ಷದ ಕೊನೆಗೆ ಲೆಕ್ಕ ಒಟ್ಟುಗೂಡಿಸುವಾಗ ಕುಶಾಲನ ಸಾವು ಎರಡು ಗ್ರಾಮಗಳಲ್ಲೂ ಬಂದಿತ್ತು. ಶಂಕರಿಯ ಗಂಡನದ್ದು ಎಲ್ಲೂ ಬಂದಿರಲಿಲ್ಲ. ಅವನ ಮೂಲ ಮನೆ ಸುಳ್ಯದ ಆಚೆ, ಅಲ್ಲಿಂದ ಯಾರೂ ಹೇಳಿರಲಿಲ್ಲ. ಇದನ್ನು ಗಮನಿಸಿದವನು ಪುತ್ತೂರಿನಲ್ಲಿದ್ದ ಆರೋಗ್ಯ ನಿರೀಕ್ಷಕ ಉದಯಶಂಕರ, ಕಬಕದ ಹತ್ತಿರದ ಅಡಿಕೆ ತೋಟದ ಮನೆಯವನು, ಕನ್ನಡಕದ ಹಿಂದೆ ಸದಾ ನಿದ್ದೆಗಣ್ಣು. ಬೆಳ್ಯಪ್ಪ ಅವನಲ್ಲಿಗೆ ಹೋಗಿ ಹೇಳಿದ್ದು ಇಷ್ಟೇ: ಎಲ್ಲ ಗ್ರಾಮಕ್ಕೂ ಒಂದೇ ತರದ ಚೀಟಿ ಬೇಕು. ಅದರಲ್ಲಿ ಮೊದಲು ಬರೆಯಬೇಕಾದ್ದು ಯಾವ ಮನೆ ಎಂದಲ್ಲ, ರೋಗಿ ಈಗ ಮಲಗಿರುವ ಜಾಗ. ಅದು ಹೋಗಬೇಕಾದ್ದು ಮೂಲ ಮನೆಗೂ ಅಲ್ಲ, ಪುತ್ತೂರಿಗೂ ಅಲ್ಲ, ಎಲ್ಲಕ್ಕಿಂತ ಹತ್ತಿರದ ದಾಕಿನವನಿಗೆ. ಪುತ್ತೂರಿಗೆ ನಕಲು ಸಾಕು.

ಉದಯಶಂಕರ ಪೆನ್ನಿನ ಮುಚ್ಚಳ ಕಚ್ಚಿದ. "ಬೆಳ್ಯಪ್ಪ, ನಾವು ಮದರಾಸಿನ ನಮೂನೆ ಬಿಟ್ಟು ಮೈಸೂರಿನ ನಮೂನೆಗೆ ಬಂದು ಈಗಷ್ಟೇ ಕೂತದ್ದು. ಮೂರನೆಯದ್ದು ನೀವು ತರ್ತೀರಿ. ತನ್ನಿ, ನೋಡುವ."

ಮೊದಲ ಚೀಟಿ ಕೆಟ್ಟದಾಗಿತ್ತು. ಬೆಳ್ಯಪ್ಪ ಅದರ ಕೊನೆಯಲ್ಲಿ ಷರಾ ಎಂದು ಜಾಗ ಬಿಟ್ಟಿದ್ದ. ತಿರುಗಿ ಬಂದ ಚೀಟಿಗಳಲ್ಲಿ ಮೇಲಿನ ಪ್ರಶ್ನೆಗಳೆಲ್ಲ ಖಾಲಿ. ಷರಾದಲ್ಲಿ ಮಾತ್ರ ಮೂಲ ಮನೆಯ ಹೆಸರು, ಯಜಮಾನನ ಹೆಸರು, ಒಬ್ಬರು ಹರಕೆಯ ವಿವರವನ್ನೂ ಬರೆದಿದ್ದರು. ಉದಯಶಂಕರ ನಕ್ಕು ಷರಾವನ್ನು ಹೊಡೆದು ಹಾಕಿದ. ರೋಗದ ಹೆಸರನ್ನೂ ತೆಗೆದ. ಇಲ್ಲಿ ಯಾರೂ ಸಿಡುಬು ಎಂಬ ಮಾತನ್ನು ಬಾಯಿಂದ ಹೇಳುವುದಿಲ್ಲ. ಅಮ್ಮ ಎನ್ನುತ್ತಾರೆ, ದೊಡ್ಡ ಸೀಕು ಎನ್ನುತ್ತಾರೆ, ಹೊಳೆಯ ಆಚೆ ವಸೂರಿ. ಅದರ ಬದಲು ಅವನು ಕೇಳಿದ್ದು: ಅಂಗೈಯಲ್ಲಿ ಗುಳ್ಳೆ ಉಂಟೋ ಇಲ್ಲವೋ. ಕೊಟ್ಲೆ, ಅಂದರೆ ಸೀತಾಳೆ ಸಿಡುಬಿನ ಗುಳ್ಳೆ ಎದೆ ಬೆನ್ನಿನಲ್ಲಿ ಹೆಚ್ಚು, ಅಂಗೈಗೆ ಬರುವುದು ಅಪರೂಪ; ದೊಡ್ಡ ಸಿಡುಬಿನದು ಅಲ್ಲಿಗೂ ಬರುತ್ತದೆ. ಹೆಸರು ಹೇಳಲು ಹೆದರುವವರೂ ಅಂಗೈ ತೋರಿಸುತ್ತಾರೆ. ಆ ಬುದ್ಧಿ ತನಗೆ ಹೊಳೆದಿರಲಿಲ್ಲ ಎಂದು ಬೆಳ್ಯಪ್ಪನೇ ಎಲ್ಲರಲ್ಲಿ ಹೇಳುತ್ತಿದ್ದ.

ಜ್ವರ ಹಿಡಿದ ದಿನವನ್ನು ಇಂಗ್ಲಿಷ್ ತಾರೀಕಿನಲ್ಲಿ ಕೇಳಿದರೆ ಗ್ರಾಮದವರು ತೋಚಿದ್ದು ಬರೆಯುತ್ತಿದ್ದರು. ಆದ್ದರಿಂದ ಪಗ್ಗು, ಬೇಶ ಎಂಬ ತುಳು ತಿಂಗಳುಗಳಲ್ಲೇ, ಸಂಕ್ರಮಣ ಕಳೆದು ಎಷ್ಟನೆಯ ದಿನ ಎಂದು ಬರೆಸಿದರು. ಇಂಗ್ಲಿಷಿಗೆ ತಿರುಗಿಸುವ ಕೆಲಸ ಉದಯಶಂಕರನದು. ಇದರಿಂದ ಇನ್ನೊಂದು ಉಪಕಾರವಾಯಿತು. ಪಯಸ್ವಿನಿಯ ಆಚೆ ದಡ ಎರಡು ವರ್ಷದ ಹಿಂದೆ ಕೇರಳಕ್ಕೆ ಸೇರಿತ್ತು. ಮೊದಲು ಅಲ್ಲಿಯ ಸುದ್ದಿಯೂ ಮಂಗಳೂರಿಗೇ ಬರುತ್ತಿತ್ತು. ಈಗ ಕಣ್ಣೂರಿಗೆ ಹೋಗುತ್ತಿತ್ತು, ಬೇರೆ ಭಾಷೆಯಲ್ಲಿ, ಬೇರೆ ನಮೂನೆಯಲ್ಲಿ. ಜನ ಮಾತ್ರ ಹಿಂದಿನ ಹಾಗೆಯೇ ದೋಣಿಯ ಕಡವು ದಾಟಿ ಆದೂರಿನ ಮದುವೆಗೂ ಉತ್ತರಕ್ರಿಯೆಯ ಬೊಜ್ಜಕ್ಕೂ ಹೋಗುತ್ತಿದ್ದರು. ಆ ಕಡೆಯ ದಾಕಿನವ ಕುಂಞಂಬು. ಇಲ್ಲಿಯ ಪಗ್ಗು ಅಲ್ಲಿಯವರಿಗೆ ಮೇಡಂ ಮಾಸ, ಸಂಕ್ರಮಣ ಒಂದೇ. ಅವನು ಅದೇ ಪ್ರಶ್ನೆಗಳನ್ನು ಅದೇ ಸಾಲಿನಲ್ಲಿ ಮಲಯಾಳದಲ್ಲಿ ಬರೆದುಕೊಂಡ. ವಾರಕ್ಕೊಮ್ಮೆ ಇಬ್ಬರೂ ದೋಣಿಯ ಹತ್ತಿರ ಕೂತು ಚೀಟಿ ಬದಲಾಯಿಸಿಕೊಳ್ಳುತ್ತಿದ್ದರು.

"ಅಕ್ಕಿ ಕಳ್ಳಸಾಗಣೆ ಹಿಡಿಯುವ ಪೊಲೀಸ ಅಲ್ಲಿ ನೋಡ್ತಾ ಉಂಟು," ಎನ್ನುತ್ತಿದ್ದ ಕುಂಞಂಬು. "ವಸೂರಿ ಸಾಗಿಸ್ತಾನೆ ಅಂತ ನನ್ನನ್ನು ಕಟ್ಟಿ ಹಾಕಿದ್ರೆ ಜಾಮೀನಿಗೆ ನೀನೇ ಬರಬೇಕು."

ಚೀಟಿ ಸಿದ್ಧವಾದರೂ ಅದನ್ನು ತುಂಬಬೇಕಾದವರು ತುಂಬಲಿಲ್ಲ. ಮೂಲ ಮನೆಗಳ ಯಜಮಾನರು ಒಪ್ಪದೆ ಗೌಡರ ಮನೆಗಳಿಂದ ಒಂದು ಸುದ್ದಿಯೂ ನೇರ ಬರುವಂತಿರಲಿಲ್ಲ. ಯಜಮಾನರೆಲ್ಲ ಜತ್ತಪ್ಪನ ಬಾಯಿ ನೋಡುತ್ತಿದ್ದರು. ಬೆಳ್ಯಪ್ಪ ಅಣ್ಣನ ಜಗಲಿಯಲ್ಲಿ ಕೂತು ಕೇಳಿಕೊಂಡ.

"ಮನೆಗೆ ಗೊತ್ತಾಗುವ ಮೊದಲು ಸರ್ಕಾರಕ್ಕೆ ಗೊತ್ತಾಗಬೇಕು. ಅಲ್ವಾ ನಿನ್ನ ಮಾತು?"

"ಹತ್ತಿರದವನಿಗೆ ಗೊತ್ತಾಗಬೇಕು. ಅಷ್ಟೇ."

"ಹತ್ತಿರದವ ಯಾರು? ಬೋಜಪ್ಪನಾ? ಅವನಿಗೂ ನಮಗೂ ಎಂತ ಸಂಬಂಧ? ನಾಳೆ ನನ್ನ ತಮ್ಮ ಸತ್ತರೆ ಅಂಗಡಿಯವನ ಬಾಯಿಂದ ನಾನು ಕೇಳಬೇಕಾ?"

"ಕುಶಾಲ ಇದ್ದಿದ್ದರೆ ಈಗ ಈ ಜಗಲಿಯಲ್ಲಿ ಓಡಾಡ್ತಿದ್ದ ಅಣ್ಣಾ."

ಜತ್ತಪ್ಪ ಎದ್ದು ಒಳಗೆ ಹೋದ. ಹೋಗುವಾಗ ತಿರುಗಿ ನೋಡದೆ ಹೇಳಿದ: "ಆ ಹೆಸರು ಹಿಡಿದು ನನ್ನ ಹತ್ತಿರ ಚೌಕಾಸಿ ಮಾಡಬೇಡ."

ಅಲ್ಲಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಬೆಳ್ಯಪ್ಪ ಮನೆಯಿಂದ ಮನೆಗೆ ಸುತ್ತಿದ. ಬ್ಯಾರಿಗಳ, ಮಲಯಾಳಿಗಳ, ತುಳು ಮಾತಾಡುವವರ ಮನೆಗಳಿಂದ ಚೀಟಿಗಳು ಬರತೊಡಗಿದವು. ಅವನದ್ದೇ ಅರೆಭಾಷೆಯ ಗೌಡರ ಮನೆಗಳಿಂದ ಇಲ್ಲ. ಹರೆಯದಲ್ಲೇ ಅವನ ತಲೆ ನರೆಯಿತು. ಎಲ್ಲಿ ಗುಳ್ಳೆ ಎಂದರೂ ಮೊದಲು ಅವನಿಗೆ ಕಾಣುತ್ತಿದ್ದುದು ಆ ಚಿಕ್ಕ ಬಾಳೆಎಲೆ ಎಂದು ಅವನ ಹೆಂಡತಿ ದುಗ್ಗಮ್ಮ ಹೇಳುತ್ತಿದ್ದಳು. ಇನ್ನೊಮ್ಮೆ ಸಿಡುಬು ಬರುವುದರೊಳಗೆ ಅಣ್ಣ ಒಪ್ಪಬೇಕು ಎಂಬುದೊಂದನ್ನು ಬಿಟ್ಟರೆ ಆ ವರ್ಷಗಳಲ್ಲಿ ಅವನಿಗೆ ಬೇರೆ ಆಸೆ ಇರಲಿಲ್ಲ.

ಅರವತ್ತಮೂರರ ಸುಗ್ಗಿ ತಿಂಗಳಲ್ಲಿ ಅಂಚೆಯ ಪದ್ಮಯ್ಯ ಹೊಲದ ಬದುವಿನಿಂದಲೇ ಅವನನ್ನು ಕೂಗಿ ಚೀಟಿ ಕೊಟ್ಟ. ಕೊಟ್ಟವನು ದೂರ ನಿಂತ. ಬೆಳ್ಯಪ್ಪ ಅಲ್ಲೇ ಓದಿದ. ರೋಗಿ ಮಲಗಿರುವ ಜಾಗ: ಹೊಳೆಬದಿ, ಹಂದಿ ಕಾಯುವ ಗುಡಿಸಲು, ಒಬ್ಬನೇ. ಜ್ವರ ಹಿಡಿದದ್ದು ಸಂಕ್ರಮಣ ಕಳೆದು ಮೂರನೆಯ ದಿನ. ಅಂಗೈಯಲ್ಲಿ ಗುಳ್ಳೆ ಉಂಟು. ಅದಕ್ಕೆ ಮೊದಲು ಹೋದದ್ದು ಆದೂರಿಗೆ, ಬೊಜ್ಜದ ಊಟಕ್ಕೆ. ಜ್ವರ ಬಂದ ಮೇಲೆ ಹತ್ತಿರ ಬಂದವರು ಯಾರೂ ಇಲ್ಲ. ಪೊನ್ನಮೂಲೆ ಎಂಬ ಹೆಸರು ಎಲ್ಲೂ ಇರಲಿಲ್ಲ. ಕೊನೆಯಲ್ಲಿ ರೋಗಿಯ ಹೆಸರು: ಜತ್ತಪ್ಪ.

"ನಾನು ಬರೆದದ್ದು, ಅವರು ಅಲ್ಲಿಂದಲೇ ಕೂಗಿ ಹೇಳಿದ್ದು," ಎಂದ ಪದ್ಮಯ್ಯ. "ಹತ್ತಿರ ಬಿಡಲಿಲ್ಲ ನನ್ನನ್ನು. ಕಲ್ಲು ಹೊಡಿತೇನೆ ಅಂದ್ರು ಮಾರಾಯ್ರೆ."

ಬೆಳೆಗೆ ಕಾಡುಹಂದಿ ನುಗ್ಗದಂತೆ ರಾತ್ರಿ ಕಾಯುವ ಆ ಗುಡಿಸಲು ಕೊಯ್ಲು ಮುಗಿದು ಖಾಲಿ ಬಿದ್ದಿತ್ತು. ಮೈ ಬಿಸಿಯಾದ ಕೂಡಲೇ ಜತ್ತಪ್ಪ ಮನೆಗೆ ಹೋಗದೆ ಅಲ್ಲಿ ಬಂದು ಮಲಗಿದ್ದ. ಹೆಂಡತಿ ಗಂಜಿಯ ಪಾತ್ರೆಯನ್ನು ಬದುವಿನಲ್ಲಿಟ್ಟು ಹಿಂದೆ ಸರಿದ ಮೇಲೆ ತೆವಳಿ ಬಂದು ಕುಡಿಯುತ್ತಿದ್ದ. ಬೆಳ್ಯಪ್ಪ ಬಾಗಿಲಲ್ಲಿ ಕೂತ. ಅಣ್ಣನ ಮುಖ ಊದಿ ಗುರುತು ಹತ್ತುವಂತಿರಲಿಲ್ಲ.

"ಅಟ್ಟದಲ್ಲಿ ಅಡಗಿದವನಿಗೆ ಸರಿಯಾಯ್ತು, ಅಲ್ವಾ?" ಎಂದ ಜತ್ತಪ್ಪ.

"ಮಾತಾಡಬೇಡ."

"ದೀಪ ಯಾರು ಹಚ್ತಾರೆ ಈಗ?"

"ಅತ್ತಿಗೆ ಹಚ್ತಾರೆ."

"ಉರಿತದಾ?"

"ಉರಿತದೆ."

ಜತ್ತಪ್ಪ ಮುಖವನ್ನು ಬಾಗಿಲ ಕಡೆ ಹೊರಳಿಸಿದ. "ಚೀಟಿ ನೋಡಿದಿಯಾ? ಜಾಗ ಸರಿ ಬರೆಸಿದ್ದೇನೆ. ಮನೆಯ ಹೆಸರು ಹಾಕಿದ್ರೆ ನೀನು ಮನೆಗೆ ಹೋಗ್ತಿದ್ದೆ, ಅಲ್ಲಿ ಹುಡುಕ್ತಾ ಕೂರ್ತಿದ್ದೆ." ಉಸಿರೆಳೆದುಕೊಂಡು ಮತ್ತೆ ಹೇಳಿದ. "ಇದರ ನಕಲು ಮೊದಲು ಹೊಳೆಯ ಆಚೆ ಕಳಿಸು. ಅಲ್ಲಿ ನನ್ನ ಪಂಕ್ತಿಯಲ್ಲಿ ಕೂತು ಉಂಡವರಿದ್ದಾರೆ. ಮಕ್ಕಳೂ ಇದ್ರು."

ಸಂಜೆಯೊಳಗೆ ಚೀಟಿ ಕುಂಞಂಬುವಿನ ಕೈಯಲ್ಲಿತ್ತು. ಬೆಳ್ಯಪ್ಪ ಪೊನ್ನಮೂಲೆಯ ಪ್ರತಿಯೊಬ್ಬರಿಗೂ, ಸುತ್ತಲಿನ ಮನೆಗಳವರಿಗೂ ದಾಕು ಹಾಕಿದ. ಈ ಸಲ ಯಾರೂ ಅಟ್ಟ ಹತ್ತಲಿಲ್ಲ. ಯಜಮಾನನೇ ಬರೆಸಿ ಕಳಿಸಿದ್ದಾನೆ ಎಂಬ ಮಾತು ಅವನ ಸೈಕಲಿಗಿಂತ ಮೊದಲು ಮನೆಗಳಿಗೆ ತಲುಪಿತ್ತು.

ರೋಗಿಯ ಹತ್ತಿರ ಕೂರುವವರು ಬೇಕಿತ್ತು. ಒಮ್ಮೆ ಸಿಡುಬಾಗಿ ಬದುಕಿದವರಿಗೆ ಅದು ಮತ್ತೆ ಬರುವುದಿಲ್ಲವೆಂದೇ ಹೇಳಬೇಕು. ಅಂಥವಳು ಕುಟುಂಬದಲ್ಲಿ ಒಬ್ಬಳೇ ಇದ್ದಳು. ಬೆಳ್ಯಪ್ಪ ಅವಳನ್ನು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ; ಸುದ್ದಿ ಮಾತ್ರ ಕಳಿಸಿದ. ಎರಡು ದಿನ ಕಳೆದು ದೇವಮ್ಮ ಬಂದಳು. ಮನೆಯ ಕಡೆ ನೋಡದೆ ಗದ್ದೆಯ ಬದುವಿನಲ್ಲೇ ನೇರ ಗುಡಿಸಲಿಗೆ ನಡೆದಳು. ಗಂಡನ ಹಿರಿಯ ಅಣ್ಣನ ಎದುರು ಕೂಡ ನಿಲ್ಲದವಳು ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು.

ಜತ್ತಪ್ಪನ ಕಣ್ಣು ಮುಚ್ಚಿಹೋಗಿತ್ತು. "ಯಾರು?"

"ಇಚಿಲಂಪಾಡಿಯವಳು."

ಅವನು ತುಟಿ ಅಲುಗಿಸಿದ. ಕ್ಷಮೆ ಕೇಳಿದನೋ ನೀರು ಕೇಳಿದನೋ ಅವಳಿಗೆ ತಿಳಿಯಲಿಲ್ಲ. ಅವಳು ನೀರು ಕೊಟ್ಟಳು.

ಅವನು ಹೋದದ್ದು ಮರುದಿನ ಹೊತ್ತು ಏರುವಾಗ. ಹದಿನಾರನೆಯ ದಿನದ ಕ್ರಮಕ್ಕೆ ದೇವಮ್ಮ ನಿಲ್ಲಲಿಲ್ಲ. ಹೊರಡುವ ಮೊದಲು ಬೆಳ್ಯಪ್ಪನನ್ನು ಕೇಳಿದಳು, "ಇವರಿಂದ ಯಾರಿಗಾದ್ರೂ ಬಂತಾ?"

"ಇಷ್ಟರವರೆಗೆ ಇಲ್ಲ."

"ಆಚೆ?"

"ಆದೂರಿನಲ್ಲಿ ಇಬ್ಬರಿಗೆ. ಪಂಕ್ತಿಯಲ್ಲಿ ಇದ್ದವರಿಗೇ. ಅವರಿಂದ ಮುಂದೆ ಇನ್ನೂ ಹೋಗಲಿಲ್ಲ ಅಂತ ಕುಂಞಂಬು ಬರೆದಿದ್ದಾನೆ."

ಅವಳು ತಲೆ ಆಡಿಸಿ ಸೆರಗು ಬಿಗಿದು ಬಸ್ಸಿನ ದಾರಿ ಹಿಡಿದಳು.

ಕುಟುಂಬದವರು ಜತ್ತಪ್ಪನ ಆತ್ಮವನ್ನು ಕ್ರಮದಂತೆ ಮೂಲ ಮನೆಯೊಳಗೆ ಕರೆದು ಹಿರಿಯರ ಸಾಲಿಗೆ ಸೇರಿಸಿದರು. ಪಟೇಲರು ಸತ್ತ ಜಾಗಕ್ಕೆ ಪೊನ್ನಮೂಲೆ ಎಂದು ಬರೆಯಹೊರಟಾಗ ಬೆಳ್ಯಪ್ಪ ಅವರ ಕೈ ತಡೆದ.

"ಗುಡಿಸಲು ಅಂತ ಬರೆಯಿರಿ."

"ಯಜಮಾನ ಮಾರಾಯ ಅವ. ಹಂದಿ ಕಾಯುವ ಗುಡಿಸಲಿನಲ್ಲಿ ಸತ್ತ ಅಂತ ಬರೆಯುದಾ?"

"ಅವನೇ ಹಾಗೆ ಬರೆಸಿದ್ದು."

ಪಟೇಲರು ಬರೆದರು. ಬೆಳ್ಯಪ್ಪ ನಕಲು ತೆಗೆದು ಪುತ್ತೂರಿಗೊಂದು, ಹೊಳೆಯ ಆಚೆಗೊಂದು ಮಡಚಿ, ಕುಡಿಕೆಯ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಸೈಕಲ್ ಹತ್ತಿದ. ಆ ವಾರ ಪಂಜದ ಕಡೆಯ ಒಂದು ಗೌಡರ ಮನೆಯಿಂದ ಮೊದಲ ಬಾರಿ ನೇರ ಚೀಟಿ ಬಂದಿತ್ತು. ಮಗುವಿಗೆ ಬರೀ ಕೊಟ್ಲೆ, ಅಂಗೈಯಲ್ಲಿ ಗುಳ್ಳೆ ಇಲ್ಲ ಎಂದು ಬರೆದಿತ್ತು. ಆದರೂ ಅವನು ಹೋಗಿ ಮಗುವಿನ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿದ.